ಫೋಟೊದ ಬೆನ್ನಿನ ಮೇಲಿನ ಷರಾ

ಭಾನುವಾರದ ಪತ್ರಿಕೆಯಲ್ಲಿ ನಾನು ಮೊದಲು ಓದುವುದು ವಧು-ವರರ ಪುಟ. ಅರವತ್ತೊಂದು ವರ್ಷದ ಒಂಟಿ ಮನುಷ್ಯ, ಪಿಂಚಣಿ ಬರುತ್ತದೆ, ಮಂಡಿ ನೋಯುತ್ತದೆ. ಇಂಥವನಿಗೆ ಆ ಪುಟದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಕೆಳಗಿನ ಮನೆಯ ನಸೀಮ್ ಆಪಾ ಕೇಳಿಯೇ ಬಿಟ್ಟಿದ್ದಾರೆ. ಅವರು ಬೀದರದ ಉರ್ದು ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ನನಗಿಂತ ಹತ್ತು ವರ್ಷ ಹಿರಿಯರು. ನಾನಿರುವ ಮಹಡಿಯ ಮಾಲೀಕರೂ ಅವರೇ ಆದ್ದರಿಂದ ಕೇಳುವ ಹಕ್ಕು ಎರಡು ಪಟ್ಟು.

"ಕ್ಯಾ ಭೈಯಾ, ಇವತ್ತರ ಯಾರರೆ ಸಿಕ್ಕಳೇನು?"

"ಇಲ್ರಿ ಆಪಾ. ಎಲ್ಲಾರಿಗೂ ಐದು ಅಡಿ ಎಂಟು ಇಂಚಿನವ್ರೇ ಬೇಕಂತ."

"ನಿಮ್ದು ಎಷ್ಟದ?"

"ಮೊದ್ಲು ಐದು ಅಡಿ ಆರು ಇತ್ತು. ಈಗ ಅಳದಿಲ್ಲ."

"ಅಳಿಬ್ಯಾಡ್ರಿ," ಎಂದರು ಆಪಾ. "ನಾ ದಿನಾ ನೋಡ್ಲತ್ತೀನಿ. ಕಮ್ಮಿ ಆಗ್ಯದ."

ಆ ಪುಟವನ್ನು ನಾನು ಓದುವುದು ಅದರ ಭಾಷೆಗಾಗಿ ಎಂದು ಹೇಳಿಕೊಳ್ಳುತ್ತೇನೆ. ಅರ್ಧ ಸತ್ಯ. ಗೋಧಿ ಬಣ್ಣ, ನೋಡಲು ಲಕ್ಷಣ, ಗೃಹಕೃತ್ಯ ನಿಪುಣೆ, ಮಧ್ಯವರ್ತಿಗಳು ಬೇಡ. ನಮ್ಮ ಕಡೆ ಹೊಲದಲ್ಲಿ ಬೆಳೆಯುವುದು ಹೆಚ್ಚಾಗಿ ಜೋಳ, ತೊಗರಿ, ಉದ್ದು. ಆದರೂ ಮದುವೆಯ ವಯಸ್ಸಿಗೆ ಬಂದ ಕೂಡಲೇ ಎಲ್ಲರೂ ಗೋಧಿ ಬಣ್ಣಕ್ಕೆ ತಿರುಗುತ್ತಾರೆ. ಉದ್ದಿನ ಬಣ್ಣದವರಿಗೆ ಆ ಪುಟದಲ್ಲಿ ಇನ್ನೂ ಜಾಗ ಸಿಕ್ಕಿಲ್ಲ. ಉಳಿದೆಲ್ಲ ಹಾಗೆಯೇ ಇದೆ. ಒಂದು ಸಾಲು ಮಾತ್ರ ಮಾಯವಾಗಿದೆ. ಹಿಂದೆ ಪ್ರತಿ ಜಾಹೀರಾತಿನ ಕೊನೆಗೂ ಇರುತ್ತಿತ್ತು: 'ಫೋಟೊ ಹಿಂದಿರುಗಿಸಲಾಗುವುದು.'

ಈಗಿನವರಿಗೆ ಈ ಸಾಲಿನ ಭಾರ ತಿಳಿಯುವುದಿಲ್ಲ. ಫೋನಿನಲ್ಲಿ ಕಳಿಸಿದ ಫೋಟೊ ಎಲ್ಲಿಗೂ ಹಿಂದಿರುಗುವುದಿಲ್ಲ, ಅಲ್ಲಲ್ಲೇ ಸಾಯುತ್ತದೆ. ಆಗ ಹಾಗಲ್ಲ. ಜಾಹೀರಾತು ನೋಡಿ ಹೆಣ್ಣಿನ ಕಡೆಯವರು ಬರೆದರೆ ಗಂಡಿನ ಫೋಟೊ ಅಂಚೆಯಲ್ಲಿ ಅವರ ಮನೆಗೆ ಹೋಗುತ್ತಿತ್ತು. ಒಪ್ಪಿದರೆ ಅದು ಅಲ್ಲೇ, ದೇವರ ಮಾಡದಲ್ಲೋ ಕನ್ನಡಿಯ ಸಂದಿಯಲ್ಲೋ ಉಳಿಯುತ್ತಿತ್ತು. ಒಪ್ಪದಿದ್ದರೆ ಹಿಂದಕ್ಕೆ ಬರುತ್ತಿತ್ತು. ಜೊತೆಗೆ ಕಾಗದ ಇಡುವ ರೂಢಿ ಇರಲಿಲ್ಲ. ಲಕೋಟೆಯನ್ನು ಬೆರಳಲ್ಲಿ ಒತ್ತಿ ನೋಡುವುದು. ಮೆತ್ತಗಿದ್ದರೆ ಕಾಗದ, ಆಸೆ. ಗಟ್ಟಿಯಿದ್ದರೆ ಫೋಟೊ, ಇಲ್ಲ. ತೆರೆಯುವ ಅಗತ್ಯವೇ ಇರಲಿಲ್ಲ.

ತೆರೆಯುವ ಅಗತ್ಯವೇ ಇರಲಿಲ್ಲ ಎಂದು ಬರೆದು ಅರ್ಧ ಗಂಟೆಯಿಂದ ಕೂತಿದ್ದೇನೆ. ಈ ಪ್ರಬಂಧ ಇಲ್ಲೇ ಮುಗಿಯಬಹುದಿತ್ತು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನೀವು ನಕ್ಕು ಪುಟ ತಿರುಗಿಸುತ್ತೀರಿ, ನಾನು ಮತ್ತೊಮ್ಮೆ ತಪ್ಪಿಸಿಕೊಂಡಂತಾಗುತ್ತದೆ.

ನನ್ನ ಊರು ಔರಾದ. ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿ ಬೀದರಕ್ಕೆ ಬಂದಾಗ ನನಗೆ ಇಪ್ಪತ್ತೈದು. ಬೆಂಗಳೂರು, ಹೈದರಾಬಾದು ಕಂಡವರು ಬೀದರವನ್ನು ದೊಡ್ಡ ನಗರ ಎಂದರೆ ನಗುತ್ತಾರೆ. ಔರಾದದಿಂದ ಬಂದವನಿಗೆ ಮಾತ್ರ ಗೊತ್ತು. ಸಂಜೆ ಚೌಬಾರದ ಗೋಪುರದ ಸುತ್ತ ಒಂದು ಸುತ್ತು ಹಾಕಿದರೆ ಔರಾದದಲ್ಲಿ ಇಡೀ ವರ್ಷ ಕಾಣುವಷ್ಟು ಹೊಸ ಮುಖಗಳು ಕಾಣುತ್ತಿದ್ದವು. ಇಷ್ಟು ಮುಖಗಳಿರುವಲ್ಲಿ ಒಂದಾದರೂ ನನ್ನ ಕಡೆ ತಿರುಗದೆ ಇರುತ್ತದೆಯೇ ಎಂಬುದು ನನ್ನ ಲೆಕ್ಕ. ದಿನಾ ಸಂಜೆ ತಲೆಗೆ ಎಣ್ಣೆ ಹಚ್ಚಿ, ಅಂಗಿಯ ಜೇಬಿಗೆ ಎರಡು ಪೆನ್ನು ಸಿಕ್ಕಿಸಿ ನಡೆಯುತ್ತಿದ್ದೆ. ಒಂದು ಪೆನ್ನು ಬರೆಯಲು, ಇನ್ನೊಂದು ಯಾರಾದರೂ ಕೇಳಿದರೆ ಕೊಡಲು. ಮೂರು ವರ್ಷದಲ್ಲಿ ಒಬ್ಬರು ಕೇಳಿದರು. ಅವರು ಪೋಸ್ಟ್‌ಮನ್.

ಭಾನುವಾರ ಸೈಕಲ್ ಮೇಲೆ ಅಷ್ಟೂರಕ್ಕೆ ಹೋಗುತ್ತಿದ್ದೆ. ಸುಲ್ತಾನರ ಗೋರಿಗಳ ನೆರಳಿನಲ್ಲಿ ಜೋಡಿಗಳು ಕೂತಿರುತ್ತಿದ್ದವು. ಒಬ್ಬನೇ ಬಂದವನು ಅಲ್ಲಿ ಏನು ಮಾಡಬೇಕು? ನಾನು ಚೀಲದಿಂದ ಟೇಪು ತೆಗೆದು ಗೋಡೆ ಅಳೆಯುತ್ತಿದ್ದೆ. ಸರ್ಕಾರಿ ಕೆಲಸ ಎಂದುಕೊಂಡು ಜೋಡಿಗಳು ಎದ್ದು ಜಾಗ ಬಿಡುತ್ತಿದ್ದವು. ಒಮ್ಮೆ ಒಬ್ಬ ಹುಡುಗಿ ಟೇಪಿನ ಆ ತುದಿ ಹಿಡಿದುಕೊಂಡಳು ಎಂದು ನನ್ನ ನೆನಪು. ಹಸಿರು ಬಳೆ, ನಗು, 'ಎಷ್ಟ್ ಬಂತ್ರಿ?' ಎಂಬ ಪ್ರಶ್ನೆ ಕೂಡ ನೆನಪಿದೆ. ಈ ನೆನಪನ್ನು ನಾನು ನಂಬುವುದಿಲ್ಲ. ಆ ವರ್ಷಗಳಲ್ಲಿ ನನ್ನ ಬಳಿ ಇದ್ದ ಟೇಪಿಗೆ ತುದಿಯಲ್ಲಿ ಕೊಕ್ಕೆ ಇತ್ತು, ಹಿಡಿಯಲು ಯಾರೂ ಬೇಕಿರಲಿಲ್ಲ.

ಇಂಥ ಸ್ಥಿತಿಯಲ್ಲಿ ಜಾಹೀರಾತು ಕೊಡಲು ಮನಸ್ಸು ಮಾಡಿ ಔರಾದಕ್ಕೆ ಹೋದೆ. ಅವ್ವ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ ಒಬ್ಬರೇ. ಅಪ್ಪ ತಹಸೀಲು ಕಚೇರಿಯಲ್ಲಿ ಕಡತ ಕಾಯ್ದು ನಿವೃತ್ತರಾದವರು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರು. ರಾಜ್ಯ ಕೂಡಿದ ಮೇಲೆ ಕಚೇರಿಗಾಗಿ ಕನ್ನಡ ಬರೆಯಲು ಕಲಿತರು, ತಮಗಾಗಿ ಬರೆಯುವುದೆಲ್ಲ ಕೊನೆಯವರೆಗೂ ಉರ್ದುವಿನಲ್ಲೇ. ಹಾಲಿನ ಚೀಟಿ ಉರ್ದು, ಅವ್ವ ಸತ್ತ ತಿಥಿಯೂ ಗೋಡೆಯ ಮೇಲೆ ಉರ್ದು. ನನಗೆ ಆ ಲಿಪಿಯ ಒಂದಕ್ಷರವೂ ಬರುವುದಿಲ್ಲ. ಹೀಗೆ ನಾನು ಹುಟ್ಟಿ ಬೆಳೆದ ಮನೆಯಲ್ಲಿ ಅರ್ಧ ಸಂಗತಿ ನನಗೆ ಗೀಚಿದ ಗೆರೆಗಳಾಗಿಯೇ ಉಳಿದವು.

ನಾನು ಬರೆದುಕೊಂಡು ಹೋಗಿದ್ದ ಜಾಹೀರಾತು ಹೀಗಿತ್ತು: 'ಬೀದರದಲ್ಲಿ ಮೂರು ವರ್ಷದಿಂದ ಸಂಜೆ ಒಬ್ಬನೇ ನಡೆಯುತ್ತಿರುವವನಿಗೆ ಪಕ್ಕದಲ್ಲಿ ನಡೆಯುವವರು ಬೇಕಾಗಿದ್ದಾರೆ. ಮಾತು ಕಡಿಮೆಯಾದರೂ ಚಿಂತೆಯಿಲ್ಲ.' ಹೊಸ ಬಗೆಯದು ಎಂದು ಆಗ ನನಗೆ ಹೆಮ್ಮೆ. ಅಪ್ಪ ಎರಡು ಸಲ ಓದಿದರು.

"ಇದೇನೋ, ವಾಚ್‌ಮನ್ ಬೇಕಾಗ್ಯಾನೇನು ನಿಂಗ?"

"ಎಲ್ಲಾರಂಗ ಬರ್ದ್ರ ಎಲ್ಲಾರಂಗೇ ಕಾಣ್ತೇನಿ ಅಪ್ಪಾ."

"ಎಲ್ಲಾರಂಗ ಕಂಡ್ರನೇ ಹೆಣ್ಣು ಕೊಡ್ತಾರ. ಬ್ಯಾರೆ ಕಂಡ್ರ ದವಾಖಾನಿಗಿ ಕಳಿಸ್ತಾರ." ಕೆಂಪು ಪೆನ್ನು ತೆಗೆದು ಎಲ್ಲ ಹೊಡೆದು ಹಾಕಿ ಬರೆದರು: 'ಸರ್ಕಾರಿ ನೌಕರ, ಸದ್ಗುಣಿ, ಐದು ಅಡಿ ಆರು ಇಂಚು, ಗೋಧಿ ಬಣ್ಣದ ವರನಿಗೆ ವಧು ಬೇಕಾಗಿದೆ. ಫೋಟೊ ಸಹಿತ ಬರೆಯಿರಿ. ಫೋಟೊ ಹಿಂದಿರುಗಿಸಲಾಗುವುದು.'

"ಅಪ್ಪಾ, ನಾ ಎಲ್ಲಿ ಗೋಧಿ ಬಣ್ಣ ಇದ್ದೀನಿ?"

"ಯಾಕ, ಕೆಂಪು ಗೋಧಿ ಇರಲ್ಲೇನು? ಸುಮ್ನಿರು."

ಫೋಟೊ ತೆಗೆಸಿದ್ದು ಬೀದರದ ಒಂದು ಸ್ಟುಡಿಯೊದಲ್ಲಿ. ಅಲ್ಲೇ ಇದ್ದ ಕೋಟು, ಅಲ್ಲೇ ಇದ್ದ ನೀಲಿ ಟೈ. ನೀಲಿ ಎಂದು ಬರೆದೆ ನೋಡಿ. ಫೋಟೊ ಕಪ್ಪು-ಬಿಳುಪಿನದು. ನೀಲಿ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ, ಆದರೆ ಅದಿಲ್ಲದೆ ಆ ದಿನವನ್ನು ನೆನೆಯಲು ಆಗುವುದಿಲ್ಲ. ಅಂಗೈಗಿಂತ ದೊಡ್ಡ, ದಪ್ಪ ಕಾಗದದ ಒಂದೇ ಪ್ರತಿ. ನಾಲ್ಕು ಹಾಕಿಸೋಣ ಎಂದೆ. ಅಪ್ಪ ಒಪ್ಪಲಿಲ್ಲ.

"ಅಸಲು ಒಂದೇ ಇರ್ಬೇಕು. ನಕಲು ಮಾಡಿ ಊರತುಂಬಾ ಹಂಚಿದ್ರ ಯಾರಿಗಿ ನಂಬಿಕಿ ಬರ್ತದ? ಅಸಲು ಹೋಗ್ತದ, ಅಸಲು ಬರ್ತದ."

ಹಾಗೆಯೇ ಆಯಿತು. ಹೆಣ್ಣಿನವರಿಂದ ಬಂದ ಕಾಗದ, ಫೋಟೊಗಳನ್ನು ಅಪ್ಪನೇ ನೋಡಿ, ನನಗೆ ತೋರಿಸದೆ ಹಿಂದಿರುಗಿಸಿ, ನನ್ನ ಫೋಟೊ ಕಳಿಸುತ್ತಿದ್ದರು. ಹೋಯಿತು, ಬಂತು. ಜನವಾಡಕ್ಕೆ ಹೋಯಿತು, ಬಂತು. ಬಗದಲ್‌ಗೆ ಹೋಯಿತು, ಬಂತು. ಬೀದರದಲ್ಲೇ ಎರಡು ಮನೆಗೆ ಹೋಗಿ ಎರಡು ಸಲ ಅಂಚೆಯಲ್ಲಿ ಔರಾದಕ್ಕೆ ಬಂತು. ನಾನು ಬೀದರದಲ್ಲಿ ನಡೆಯುತ್ತಿದ್ದೆ, ನನ್ನ ಮುಖ ಜಿಲ್ಲೆಯ ತುಂಬ ನನಗಿಂತ ಹೆಚ್ಚು ತಿರುಗಾಡುತ್ತಿತ್ತು. ಏಳು ಮನೆ ನೋಡಿತು ಅದು. ಆ ಏಳು ಮನೆಗಳಲ್ಲಿ ಯಾವ ಹುಡುಗಿ ಅದನ್ನು ಕೈಯಲ್ಲಿ ಹಿಡಿದಳು, ಯಾರು ಬೆಳಕಿಗೆ ಒಯ್ದರು, ಯಾರು ನಕ್ಕರು ಎಂದು ಆಗೆಲ್ಲ ಯೋಚಿಸುತ್ತಿದ್ದೆ. ಫೋಟೊದ ಅಂಚಿಗೆ ಒಂದು ಚಹದ ಕಲೆ ಬಂದಿತ್ತು. ಅದು ಯಾವ ಮನೆಯ ಚಹವೋ, ನನಗೆ ಕೊಡದೆ ನನ್ನ ಮುಖಕ್ಕೆ ಕೊಟ್ಟಿದ್ದರು.

ಪ್ರತಿ ಸಲ ಫೋಟೊ ತಿರುಗಿ ಬಂದಾಗ ಅಪ್ಪ ಒಂದು ಕೆಲಸ ಮಾಡುತ್ತಿದ್ದರು. ತಹಸೀಲು ಕಚೇರಿಯಲ್ಲಿ ತಿರಸ್ಕೃತವಾಗಿ ಬಂದ ಯಾವ ಕಾಗದವನ್ನೂ ಹಾಗೇ ಒಳಗೆ ಇಡುವಂತಿರಲಿಲ್ಲ. ಬೆನ್ನಿನ ಮೇಲೆ ಷರಾ ಬರೆಯಬೇಕು, ಎಲ್ಲಿಗೆ ಹೋಗಿತ್ತು, ಯಾಕೆ ಬಂತು ಎಂದು. ಮೂವತ್ತು ವರ್ಷ ಹಾಗೆ ಮಾಡಿದ ಕೈ. ಹೊಸ್ತಿಲ ಬಳಿ ಬೆಳಕಿಗೆ ಕೂತು, ಫೋಟೊ ಬೋರಲು ಹಾಕಿ, ಇರುವೆ ಸಾಲಿನಂಥ ಉರ್ದುವಿನಲ್ಲಿ ಏನೋ ಬರೆಯುತ್ತಿದ್ದರು.

"ಏನ್ ಬರೀಲತ್ತೀರಿ ಅಪ್ಪಾ?"

"ಷರಾ."

"ಅದೇ, ಏನಂತ?"

"ದಫ್ತರದ ಮಾತು ನಿಂಗ್ಯಾಕ?"

ನಾನು ಮತ್ತೆ ಕೇಳಲಿಲ್ಲ. ಊರಿನ ಹೆಸರು, ತಾರೀಖು ಇರಬೇಕೆಂದುಕೊಂಡೆ. ಫೋಟೊ ಮುಂದಿನ ಲಕೋಟೆಗೆ ಹೋಗುತ್ತಿತ್ತು.

ಎಂಟನೆಯ ಮನೆ ಭಾಲ್ಕಿಯದು. ಅಲ್ಲಿಗೆ ಕಳಿಸಿ ಹದಿನೈದು ದಿನವಾಗಿರಬೇಕು, ಅಪ್ಪ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಬಚ್ಚಲ ಕಲ್ಲಿನ ಮೇಲೆ ಕುಸಿದು ಹೋದರು. ಹನ್ನೊಂದನೆಯ ದಿನ, ಮನೆ ತುಂಬ ನೆಂಟರಿದ್ದಾಗ, ಔರಾದದ ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು, "ಸಾಹೇಬ್ರಿಗಿ ಬಂದದರಿ. ಯಾರ ಕೈಯಾಗ ಕೊಡ್ಲಿ?" ಎಂದ. ನಾನು ಇಸಿದುಕೊಂಡೆ. ಬೆರಳಲ್ಲಿ ಒತ್ತಿದೆ. ಗಟ್ಟಿಯಿತ್ತು. ಅಂಚು ಹರಿದು ಇಣುಕಿದೆ ಎಂದು ನೆನಪು. ನನ್ನ ಹಣೆ ಕಂಡಿತು, ಅಷ್ಟೇ ಸಾಕಾಗಿ ಹಾಗೇ ಒಳಗೆ ತಳ್ಳಿದೆ. ಅಪ್ಪನ ಟ್ರಂಕಿನಲ್ಲಿ, ಅವರ ಧೋತರದ ಕೆಳಗೆ ಇಟ್ಟೆ. ಷರಾ ಬರೆಯುವವರು ಇರಲಿಲ್ಲ, ಆದ್ದರಿಂದ ಕಡತ ಮುಚ್ಚಿತು. ಇನ್ನೊಂದು ಜಾಹೀರಾತು ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಕೇಳಿದವರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಕಾರಣ ಹೇಳಿದ್ದೇನೆ. ಎಲ್ಲವೂ ಆಗಿನ ಮಟ್ಟಿಗೆ ನಿಜವಾಗಿದ್ದವು.

ಈ ವರ್ಷ ಬೇಸಿಗೆಯಲ್ಲಿ ಗೆದ್ದಲು ಬಂತು. ಔರಾದದಿಂದ ನಾನು ತಂದಿಟ್ಟುಕೊಂಡಿದ್ದ ಆ ಟ್ರಂಕಿನ ತಳ ತೂತಾಗಿತ್ತು. ಬಿಸಿಲಿಗೆ ಹರವೋಣವೆಂದು ಎಲ್ಲವನ್ನೂ ಕೆಳಗಿನ ಅಂಗಳಕ್ಕೆ ಒಯ್ದೆ. ಧೋತರ ಜಾಳಿಗೆಯಾಗಿತ್ತು. ಲಕೋಟೆಯನ್ನು, ಅದರ ಮೇಲಿನ ವಿಳಾಸ, ಮುದ್ರೆಗಳ ಸಮೇತ, ಗೆದ್ದಲು ತಿಂದು ಮಣ್ಣು ಮಾಡಿತ್ತು. ಫೋಟೊದ ಒಂದು ಮೂಲೆಯನ್ನಷ್ಟೇ ರುಚಿ ನೋಡಿ ಬಿಟ್ಟಿತ್ತು. ಗೆದ್ದಲೂ ಹಿಂದಿರುಗಿಸಿತು ಎಂದುಕೊಂಡೆ.

ಫೋಟೊ ಅಂಗಳದಲ್ಲಿ ಬೋರಲು ಬಿದ್ದಿತ್ತು. ಮೆಂತ್ಯ ಸೋಸುತ್ತ ಕೂತಿದ್ದ ಆಪಾ ಎತ್ತಿಕೊಂಡರು.

"ಅರೇ, ಇಷ್ಟ್ ಚಂದ ಹಾತ್ ಯಾರ್ದು? ಹಳೇ ಜಮಾನಾದ ಬರವಣಿಗಿ."

"ಅಪ್ಪಂದ್ರಿ. ಊರಿನ ಹೆಸ್ರು, ತಾರೀಖು ಬರ್ದಿರ್ಬೇಕು."

ಆಪಾ ಕನ್ನಡಕ ಏರಿಸಿ ಓದಿದರು. ಅವರ ಭುಜ ಕುಲುಕತೊಡಗಿತು. "ತೋಬಾ ತೋಬಾ! ಇದೇನು ಬರ್ದಾರ ನಿಮ್ ಅಬ್ಬಾ! ಕೇಳ್ರಿ, ಕೇಳ್ರಿ. ಮೊದಲ್ನೇದು ಜನವಾಡ. 'ವಾಪಸ್. ಕಾರಣ: ಹುಡುಗ ಮಾತಾಡುವಾಗ ಎದುರಿನವರ ಮಾರಿ ನೋಡುವುದಿಲ್ಲ, ಕಳವು ಮಾಡಿದವರಂತೆ ಕೂತಿರುತ್ತಾನೆ.'"

ಜನವಾಡದ ಹುಡುಗಿಯ ಸೋದರಮಾವ ನನ್ನ ಕೋಣೆಗೆ ಬಂದು ಹೋಗಿದ್ದು ನಿಜ. ನಾನು ಅಷ್ಟೂ ಹೊತ್ತು ಅವರ ಚಪ್ಪಲಿ ನೋಡಿದ್ದೂ ನಿಜ. ಕಾಗದವಿಲ್ಲದೆ ಬಂದ ಫೋಟೊಗೆ ಕಾರಣವನ್ನು ಅಪ್ಪ ಆ ಊರಿಗೇ ಹೋಗಿ ಕೇಳಿ ಬಂದಿರಬೇಕು.

"ಎರಡ್ನೇದು ಬಗದಲ್. 'ವಾಪಸ್. ಕಾರಣ: ಜನವಾಡದವರು ಬೇಡವೆಂದದ್ದು ಇವರಿಗೆ ತಿಳಿದುಬಿಟ್ಟಿದೆ. ಹೇಗೆ ತಿಳಿಯಿತೋ ಅಲ್ಲಾನೇ ಬಲ್ಲ.'" ಆಪಾ ಮೆಂತ್ಯದ ಬುಟ್ಟಿ ಬದಿಗಿಟ್ಟು ಹೊಟ್ಟೆ ಹಿಡಿದುಕೊಂಡರು. "ಭೈಯಾ! ಹ್ಯಾಂಗ ತಿಳೀತು ಅಂದ್ರ? ಇಲ್ಲೇ ಬರ್ದದಲ್ಲ! ಇದೇ ಫೋಟೊ ಕಳ್ಸಿದ್ರಲ್ಲ ಅವ್ರಿಗಿ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ವಯಸ್ಸಿನವರಿಗೆ ಉರ್ದು ಬಾರದು. ಆದರೆ ಫೋಟೊ ನೋಡುತ್ತಿದ್ದುದು ನನ್ನ ವಯಸ್ಸಿನವರಷ್ಟೇ ಅಲ್ಲ. ಪ್ರತಿ ಮನೆಯಲ್ಲೂ ಒಬ್ಬ ಅಜ್ಜ, ಒಬ್ಬ ದೊಡ್ಡಪ್ಪ ಇದ್ದರು. ಎಲ್ಲರೂ ಅಪ್ಪನ ಜೊತೆಯವರು, ಅದೇ ನಿಜಾಮರ ಶಾಲೆಗಳಲ್ಲಿ ಅದೇ ಅಲಿಫ್-ಬೇ ತಿದ್ದಿದವರು. ಮನೆಯ ಹೆಂಗಸರು ನನ್ನ ಮುಖ ನೋಡುತ್ತಿದ್ದಾಗ ಈ ಮುದುಕರು ಬೆನ್ನು ಓದುತ್ತಿದ್ದರು. ಪ್ರತಿ ಹೊಸ ಮನೆಯೂ ಹಿಂದಿನ ಎಲ್ಲ ಮನೆಗಳ ತೀರ್ಪು ಓದಿ ತನ್ನ ತೀರ್ಪು ಕೊಡುತ್ತಿತ್ತು, ಅಪ್ಪ ಅದನ್ನೂ ಪ್ರಾಮಾಣಿಕವಾಗಿ ಬರೆದು ಮುಂದಿನ ಮನೆಗೆ ಕಳಿಸುತ್ತಿದ್ದರು.

ಆಪಾ ಓದುತ್ತ ಹೋದರು. ಬೀದರದ ಒಂದು ಮನೆ: 'ಕಾರಣ ಹೇಳಲಿಲ್ಲ. ನಕ್ಕರು.' ಇನ್ನೊಂದು ಮನೆ: 'ಗೋಧಿ ಬಣ್ಣ ಎಂಬುದು ಸುಳ್ಳು ಎಂದರು. ಒಪ್ಪಿಕೊಳ್ಳಬೇಕಾಯಿತು.' ಮತ್ತೆ ಎರಡು ಊರು. ಏಳನೆಯದರ ಕೆಳಗೆ ಒಂದು ಸಾಲು ಹೆಚ್ಚಿಗೆ ಇತ್ತು: 'ನನ್ನ ಷರಾ: ಹುಡುಗನಲ್ಲಿ ದೋಷವಿಲ್ಲ. ತನ್ನ ಬಗ್ಗೆ ಹೇಳಿಕೊಳ್ಳಲು ಬರುವುದಿಲ್ಲ. ಅದು ನನ್ನಿಂದ ಬಂದದ್ದು.'

"ಆಪಾ," ಎಂದೆ, "ತನ್ ಜೋಡಿದವ್ರಿಗಿ ಉರ್ದು ಬರ್ತದಂತ ಅಪ್ಪಗ ಗೊತ್ತಿದ್ದಿಲ್ಲೇನ್ರಿ?"

"ಗೊತ್ತಿತ್ತೋ, ಮರ್ತಿದ್ರೋ. ನಿಮ್ ಕಣ್ಣಿಗಿ ಕಾಣದಂಗ ಮಾಡೋದೊಂದೇ ತಲ್ಯಾಗಿತ್ತೋ ಏನೋ. ಅವ್ರಿಗೇ ಕೇಳ್ಬೇಕಿತ್ತು." ಆಪಾ ಮತ್ತೆ ಫೋಟೊದ ಮೇಲೆ ಬಾಗಿದರು. ಈ ಸಲ ನಗಲಿಲ್ಲ. "ಠೈರೋ, ತಡೀರಿ. ಎಂಟ್ನೇದು ನಿಮ್ ಅಬ್ಬಾಂದಲ್ಲ. ಹಾತ್ ಬ್ಯಾರೆ ಅದ. ಶಾಯಿ ಬ್ಯಾರೆ ಅದ."

ಎಂಟನೆಯದು ಭಾಲ್ಕಿ. ಆಪಾ ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಪಾಠ ಹೇಳುವವರ ಧ್ವನಿಯಲ್ಲಿ ನಿಧಾನವಾಗಿ ಕನ್ನಡಕ್ಕೆ ತಂದರು. ನಾನು ಅದನ್ನು ಆಗಲೇ ಬರೆದುಕೊಂಡೆ, ಈ ಪ್ರಬಂಧದಲ್ಲಿ ನನ್ನ ನೆನಪಿನ ಮೇಲೆ ಬಿಡದೆ ಇರುವುದು ಇದೊಂದೇ:

'ಸಾಹೇಬರಿಗೆ ಆದಾಬ್. ನಾನೂ ತಮ್ಮಂತೆ ಸರ್ಕಾರಿ ಉರ್ದು ಶಾಲೆಯಲ್ಲಿ ಕಲಿತವನು. ಏಳೂ ಕಾರಣ ಓದಿದೆ. ಮಗನ ಕೊರತೆ ಮುಚ್ಚಿಡದೆ ಬರೆಯುವ ತಂದೆಯ ಮನೆಗೆ ಹೆಣ್ಣು ಕೊಡಲು ಹೆದರಿಕೆಯಿಲ್ಲ. ಮೊಮ್ಮಗಳಿಗೂ ಓದಿ ಹೇಳಿದೆ. ಮಾರಿ ನೋಡದಿದ್ದರೆ ನಾನೇ ನೋಡುತ್ತೇನೆ ಬಿಡು ಎಂದಳು. ಒಪ್ಪಿದ್ದಾಳೆ. ತಮ್ಮ ಷರಾ ಇಲ್ಲದೆ ಕಡತ ಮುಗಿಯಬಾರದೆಂದು ಫೋಟೊ ಹಿಂದಕ್ಕೆ ಕಳಿಸಿದ್ದೇನೆ. ಬರೆದು ಮರಳಿಸಿರಿ, ಇಲ್ಲವೇ ತಾವೇ ಬನ್ನಿರಿ. ದಾರಿ ನೋಡುತ್ತೇವೆ. ಶಿವಲಿಂಗಪ್ಪ, ಭಾಲ್ಕಿ.'

ಅಂಗಳದ ನಲ್ಲಿಯಲ್ಲಿ ನೀರು ಬಂತು. ಯಾರೂ ಏಳಲಿಲ್ಲ.

"ಭೈಯಾ, ಇದು ಇಲ್ಲ ಅಲ್ಲ. ಇದು ಹೌದು ಅದ," ಎಂದರು ಆಪಾ. "ನಿಮ್ ಅಬ್ಬಾ ಏನ್ ಜವಾಬ್ ಕೊಟ್ರು?"

"ಇದು ಬಂದಾಗ ಅವ್ರು ಇದ್ದಿಲ್ರಿ."

"ನೀವು?"

"ಗಟ್ಟಿ ಇತ್ರಿ ಆಪಾ. ನಾ ತಿರುವಿ ನೋಡ್ಲಿಲ್ಲ."

ಆಪಾ ಫೋಟೊವನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು. ನಾನು ಈ ಮಹಡಿಗೆ ಬಂದ ಹನ್ನೆರಡು ವರ್ಷದಲ್ಲಿ ಅವರು ನನ್ನನ್ನು ಅಣಕಿಸದೆ ಬಿಟ್ಟದ್ದು ಅದೇ ಮೊದಲು.

ನನಗೆ ಮೊದಲು ಬಂದದ್ದು ದುಃಖವಲ್ಲ, ಜಂಬ. ಒಬ್ಬಳು ನನ್ನ ಏಳೂ ದೋಷ ಕೇಳಿ ಒಪ್ಪಿದ್ದಳು ಎಂಬ ಜಂಬ. ಎರಡು ದಿನ ಅದರಲ್ಲೇ ತಿರುಗಾಡಿದೆ, ಗಡ್ಡ ಕೂಡ ನುಣ್ಣಗೆ ಹೆರೆದೆ. ಮೂರನೆಯ ದಿನ ಹಲ್ಲುಜ್ಜುವಾಗ ಇನ್ನೊಂದು ಬದಿ ಹೊಳೆಯಿತು. ಭಾಲ್ಕಿಯವರು ದಾರಿ ನೋಡಿದರು. ಉತ್ತರ ಹೋಗಲಿಲ್ಲ. ನಮ್ಮಲ್ಲಿ ಗಂಡಿನ ಕಡೆಯವರು ಸುಮ್ಮನಾದರೆ ಅದರ ಅರ್ಥ ಒಂದೇ. ಹಾಗಾದರೆ ಆ ಹುಡುಗಿಗೆ ಏನನ್ನಿಸಿರಬೇಕು? ಏಳು ಮನೆಯವರು ಬೇಡವೆಂದ ಗಂಡು. ಎದುರಿನವರ ಮುಖ ನೋಡಲು ಬಾರದವ, ಗೋಧಿ ಬಣ್ಣವೆಂದು ಸುಳ್ಳು ಹೇಳಿದವ. ಅಂಥವನನ್ನು ತಾನು ಒಪ್ಪಿದರೂ ಅವನು ತನ್ನನ್ನು ಬೇಡವೆಂದ. ನನ್ನ ಬೆನ್ನ ಮೇಲೆ ಏಳು ಕಾರಣಗಳಾದರೂ ಇದ್ದವು. ಅವಳಿಗೆ ನಾನು ಒಂದು ಕಾರಣವನ್ನೂ ಕೊಟ್ಟಿರಲಿಲ್ಲ.

ಅವಳ ಹೆಸರು ನನಗೆ ಗೊತ್ತಿಲ್ಲ. ಮದುವೆಯಾಗಿರಬಹುದು, ಮೊಮ್ಮಕ್ಕಳಿರಬಹುದು, ಇದನ್ನೆಲ್ಲ ಮರೆತು ಸುಖವಾಗಿರಬಹುದು. ಇಲ್ಲದೆಯೂ ಇರಬಹುದು. ನನಗೆ ಬೇಕಾಗಿದ್ದುದು ಒಂದೇ ಮಾತು ಅವಳಿಗೆ ಮುಟ್ಟಿಸುವುದು: ಬೇಡ ಎಂದಿರಲಿಲ್ಲ.

ಭಾಲ್ಕಿಗೆ ಹೋದೆ. ಲಕೋಟೆ ಹೋಗಿತ್ತು, ಅವರು ಮೊದಲು ಬರೆದ ಕಾಗದ ಅಪ್ಪನ ಜೊತೆಗೇ ಕಳೆದುಹೋಗಿತ್ತು, ಓಣಿ ಗೊತ್ತಿಲ್ಲ, ಅಡ್ಡಹೆಸರು ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಚಹದ ಅಂಗಡಿಯ ಹಿರಿಯರೊಬ್ಬರನ್ನು ಕೇಳಿದೆ.

"ಶಿವಲಿಂಗಪ್ಪ ಅಂದ್ರ ಯಾವ ಶಿವಲಿಂಗಪ್ಪರಿ? ಇಲ್ಲಿ ಒಂದು ಕಲ್ಲು ಒಗದ್ರ ನಾಕು ಶಿವಲಿಂಗಪ್ಪಗ ಬಡೀತದ."

"ಉರ್ದು ಬರ್ತಿತ್ರಿ ಅವ್ರಿಗಿ."

"ಆಗಿನ ಮಂದಿಗಿ ಎಲ್ಲಾರಿಗೂ ಬರ್ತಿತ್ತಲ್ರಿ. ಅವ್ರ್ಯಾರೂ ಉಳದಿಲ್ಲ ಈಗ. ಏನ್ ಕೆಲ್ಸಿತ್ರಿ?"

"ಒಂದು ಕಾಗದಕ್ಕ ಉತ್ತರ ಕೊಡೋದಿತ್ತು."

"ಭಾಳ ಅರ್ಜೆಂಟ್ ಇತ್ತೇನ್ರಿ?"

ಎರಡು ಓಣಿ ತಿರುಗಿದೆ. ಐವತ್ತು ದಾಟಿದ ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು, ತರಕಾರಿ ಕೊಳ್ಳುತ್ತಿದ್ದರು, ಸ್ಕೂಟಿ ಮೇಲೆ ಹೋಗುತ್ತಿದ್ದರು. ಎಲ್ಲರ ಮುಖ ನೋಡಿದೆ. ನನ್ನ ಜೀವನದಲ್ಲಿ ಅ‍ಷ್ಟು ಮುಖಗಳನ್ನು ನೇರವಾಗಿ ನೋಡಿದ ದಿನ ಇನ್ನೊಂದಿಲ್ಲ. ಒಬ್ಬರು, "ಏನ್ ನೋಡ್ತೀರಿ, ಅಕ್ಕ ತಂಗೀರಿಲ್ಲೇನು ನಿಮಗ?" ಎಂದು ಗದರಿದರು. ಅವರೇ ಇರಬಹುದೇ ಎಂದು ಬಸ್ಸಿನಲ್ಲಿ ಬೀದರದವರೆಗೂ ಯೋಚಿಸಿದೆ.

ಕೊನೆಗೆ ಉಳಿದದ್ದು ಪತ್ರಿಕೆ. ಜಾಹೀರಾತಿನಿಂದ ಶುರುವಾದದ್ದಕ್ಕೆ ಜಾಹೀರಾತಿನಲ್ಲೇ ಉತ್ತರ ಕೊಡಬಹುದಲ್ಲ. ಮೂರು ದಿನ ಬರೆದೆ, ಹರಿದೆ. ಈ ಸಲ ಹೊಡೆದು ತಿದ್ದಲು ಅಪ್ಪ ಇರಲಿಲ್ಲ. ಮೊನ್ನೆ ಬೆಳಿಗ್ಗೆ ಬೀದರದಲ್ಲೇ, ಪತ್ರಿಕೆಗೆ ಜಾಹೀರಾತು ತೆಗೆದುಕೊಳ್ಳುವ ಒಂದು ಝೆರಾಕ್ಸ್ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಇಪ್ಪತ್ತೆರಡರ ಒಬ್ಬ ಹುಡುಗಿ. ಚೀಟಿ ಕೊಟ್ಟೆ. ಅವಳು ಕಂಪ್ಯೂಟರಿಗೆ ಹೊಡೆಯುತ್ತ ಗಟ್ಟಿಯಾಗಿ ಓದಿದಳು:

"'ಭಾಲ್ಕಿಯ ಶಿವಲಿಂಗಪ್ಪನವರ ಮೊಮ್ಮಗಳಿಗೆ. ನಿಮ್ಮನ್ನು ಬೇಡ ಎಂದಿರಲಿಲ್ಲ. ನಿಮ್ಮ ಅಜ್ಜನ ಷರಾ ಈಗ ಓದಿಸಿಕೊಂಡೆ. ತಡವಾಯಿತು.' ಇಷ್ಟೇ ಏನ್ರಿ ಅಂಕಲ್?"

"ಇಷ್ಟೇ ನೋಡವ್ವ."

"ಯಾವ ಕಾಲಂನ್ಯಾಗ ಹಾಕ್ಲಿರಿ? ವಧು ಬೇಕು, ವರ ಬೇಕು, ಹೆಸ್ರು ಬದಲಾವಣಿ, ಕಳದಾದ, ಶ್ರದ್ಧಾಂಜಲಿ. ಇವಿಷ್ಟೇ ಬರ್ತಾವ್ರಿ ಇದ್ರಾಗ. ಒಂದು ಒತ್ಲಿಲ್ಲಂದ್ರ ಮುಂದ ಹೋಗಂಗಿಲ್ರಿ."

ನಾನು ಪರದೆಯ ಕಡೆ ಬಾಗಿ ಐದೂ ಹೆಸರು ಓದಿದೆ. ಹಿಂದೆ ಇಬ್ಬರು ಆಧಾರ್ ಕಾರ್ಡು ಹಿಡಿದು ಕಾಯುತ್ತಿದ್ದರು.

"ಫೋಟೊ ಅದ ಏನ್ರಿ?" ಎಂದಳು ಹುಡುಗಿ, ದಾರಿ ತೋರಿಸುವವಳಂತೆ.

ಕೊಟ್ಟೆ. ಅವಳು ಹಿಡಿದು ನೋಡಿದಳು. ಕೋಟು, ಟೈ, ಒಂದು ಮೂಲೆ ಗೆದ್ದಲಿಗೆ ಹೋದ ಕಪ್ಪು-ಬಿಳುಪಿನ ಹುಡುಗ. ನನ್ನನ್ನು ಒಮ್ಮೆ ನೋಡಿದಳು. ಮತ್ತೆ ಫೋಟೊ ನೋಡಿದಳು. ಅವಳ ಮುಖ ಮೆತ್ತಗಾಯಿತು.

"ಅಯ್ಯ, ಇಷ್ಟ್ ಸಣ್ಣ ವಯಸ್ಸಿನ್ಯಾಗ ಹೋದ್ರಲ್ರಿ," ಎಂದು ಶ್ರದ್ಧಾಂಜಲಿಯ ಮೇಲೆ ಒತ್ತಿದಳು. "ನಿಮಗ ಏನಾಗ್ಬೇಕ್ರಿ ಇವ್ರು? ತೀರ್ಕೊಂಡ ತಾರೀಖು ಹೇಳ್ರಿ, ಅದಿಲ್ಲಂದ್ರ ತಗೊಳಂಗಿಲ್ಲ ಇದು."

"ಹಿಂದ ಬರ್ದದ ನೋಡವ್ವ," ಎಂದೆ.

ಅವಳು ಫೋಟೊ ತಿರುವಿದಳು. ಬೆಳಕಿಗೆ ಹಿಡಿದಳು. ಮೇಲಿನಿಂದ ಕೆಳಗಿನವರೆಗೆ, ಎಂಟೂ ಷರಾಗಳ ಮೇಲೆ ಅವಳ ಕಣ್ಣು ಹಾದುಹೋಯಿತು.

"ಅಂಕಲ್, ಇದು ನಂಗ ಓದ್ಲಾಕ ಬರಂಗಿಲ್ರಿ."

"ನನಗೂ ಬರಂಗಿಲ್ಲವ್ವ," ಎಂದೆ.